ಮನೆಮಂದಿ ಜೊತೆ ಕೆರೆದಡದ ಪಾರ್ಕಿನಲ್ಲಿ ಟೆಂಟ್ ವಾಸ: ಸಮಗ್ರ ಮಾರ್ಗದರ್ಶಿ

ಬೇರೆ ಕಡೆ ಟೆಂಟ್ ಹಾಕುವುದಕ್ಕೂ ಕೆರೆದಡದಲ್ಲಿ ಹಾಕುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ನೀರು. ಮಕ್ಕಳು ಕುಣಿದುಕೊಂಡು ಬರುವುದೇ ನೀರಿಗಾಗಿ. ರಾತ್ರಿ ಚಳಿ ಜಾಸ್ತಿ ಆಗುವುದು, ಟೆಂಟಿನ ಒಳಗೆ ಹನಿ ಕಟ್ಟುವುದು, ಸೊಳ್ಳೆ ಮುತ್ತುವುದು, ಹೊತ್ತಿಗೊಂದು ದಿಕ್ಕಿನಿಂದ ಗಾಳಿ ಬೀಸುವುದು, ಇದಕ್ಕೆಲ್ಲ ನೀರಿನದೇ ಪಾಲು ದೊಡ್ಡದು. ಅಪಾಯ ಇರುವುದೂ ಅಲ್ಲೇ. ಹಾಗಾಗಿ ಎಲ್ಲಿ ಮಲಗಬೇಕು, ಎಲ್ಲಿ ಅಡುಗೆ ಮಾಡಬೇಕು, ಮಕ್ಕಳ ಮೇಲೆ ಯಾರು ಯಾವಾಗ ಕಣ್ಣಿಡಬೇಕು ಎಂಬ ಒಂದೊಂದು ತೀರ್ಮಾನವನ್ನೂ ನೀರನ್ನು ಮುಂದಿಟ್ಟುಕೊಂಡು ಮಾಡಿ. ಹಾಗೆ ಮಾಡಿದರೆ ಉಳಿದದ್ದು ಬಹುಪಾಲು ತಾನಾಗಿ ಸರಿಹೋಗುತ್ತದೆ.

ಹೊರಡುವ ಮೊದಲು ಕೇಳಿ ತಿಳಿಯಬೇಕಾದದ್ದು

ಪಾರ್ಕಿನವರಿಗೆ ಒಂದು ಫೋನ್ ಮಾಡಿ. ರಾತ್ರಿ ಉಳಿಯಲು ಅನುಮತಿ ಇದೆಯೇ? ಜಾಗವನ್ನು ಮೊದಲೇ ಬುಕ್ ಮಾಡಬೇಕೇ? ಈಜಬಹುದೇ, ಯಾವ ಭಾಗದಲ್ಲಿ? ಬೆಂಕಿ ಹಾಕಬಹುದೇ? ಕುಡಿಯುವ ನೀರಿನ ನಲ್ಲಿ ಇದೆಯೇ? ಶೌಚಾಲಯ ರಾತ್ರಿಯೂ ತೆರೆದಿರುತ್ತದೆಯೇ? ಗೇಟ್ ಎಷ್ಟು ಹೊತ್ತಿಗೆ ಮುಚ್ಚುತ್ತಾರೆ, ನಡುರಾತ್ರಿ ತುರ್ತು ಬಂದರೆ ತೆರೆಯುವವರು ಯಾರು? ಈ ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ರಾತ್ರಿ 2 ಗಂಟೆಗೆ ಮಗುವಿಗೆ ಜ್ವರ ಏರಿದರೆ ಗಾಡಿ ಹೊರಗೆ ಹೋಗಲೇಬೇಕು, ಅಲ್ವಾ? ಹತ್ತಿರದ ಆಸ್ಪತ್ರೆ ಯಾವುದು, ಪಾರ್ಕಿನಲ್ಲಿ ಫೋನ್ ಸಿಗ್ನಲ್ ಸಿಗುತ್ತದೆಯೇ ಎಂಬುದನ್ನೂ ಜೊತೆಗೇ ಕೇಳಿಬಿಡಿ. ಅಣೆಕಟ್ಟಿನ ಹಿನ್ನೀರಾದರೆ ಇನ್ನೊಂದು ಪ್ರಶ್ನೆ ಇದೆ: ನೀರಿನ ಮಟ್ಟ ಹಠಾತ್ತಾಗಿ ಏರಿಳಿಯುತ್ತದೆಯೇ?

ಮೊದಲ ಸಲ ಹೋಗುವವರು ಒಂದೇ ರಾತ್ರಿಗೆ ಯೋಜನೆ ಹಾಕಿ. ಜಾಗ ಮನೆಯಿಂದ ಎರಡು ಮೂರು ಗಂಟೆಯ ದಾರಿಯೊಳಗೆ ಇರಲಿ. ಪುಟ್ಟ ಮಕ್ಕಳು ಅಥವಾ ವಯಸ್ಸಾದವರು ಜೊತೆಗಿದ್ದರೆ ಶೌಚಾಲಯಕ್ಕೆ ಹತ್ತಿರದ ಜಾಗ ಕೇಳಿ. ತೀರಾ ಪಕ್ಕದ್ದು ಬೇಡ. ರಾತ್ರಿಯಿಡೀ ಬಾಗಿಲ ಸದ್ದು, ಟಾರ್ಚಿನ ಬೆಳಕು ಕಾಡುತ್ತದೆ.

ಏನೇನು ಕಟ್ಟಿಕೊಳ್ಳಬೇಕು

ಟೆಂಟಿನ ಮೇಲೆ 4 ಜನಕ್ಕೆ ಎಂದು ಬರೆದಿದ್ದರೆ, 4 ಜನ ಒತ್ತಿಕೊಂಡು ಮಲಗಬಹುದು ಎಂದು ತಿಳಿಯಿರಿ. ಬಟ್ಟೆಯ ಚೀಲ, ಚಪ್ಪಲಿ, ನಿದ್ದೆಯಲ್ಲಿ ಹೊರಳುವ ಮಗು ಆ ಲೆಕ್ಕದಲ್ಲಿ ಸೇರಿಲ್ಲ. 4 ಜನರ ಕುಟುಂಬಕ್ಕೆ 6 ಜನರ ಟೆಂಟ್ ಸರಿ. ಹೊರಡುವ ಮೊದಲು ಒಮ್ಮೆ ಅಂಗಳದಲ್ಲೋ ತಾರಸಿಯಲ್ಲೋ ಕಟ್ಟಿ ನೋಡಿ. ಕಡ್ಡಿ ಮುರಿದಿದೆಯೇ, ಜಿಪ್ ಸಿಕ್ಕಿಕೊಳ್ಳುತ್ತದೆಯೇ, ಗೂಟಗಳು ಪೂರ್ತಿ ಇವೆಯೇ ಎಂಬುದು ಮನೆಯಲ್ಲೇ ಗೊತ್ತಾಗಬೇಕು. ಮಕ್ಕಳ ಕೈಲೂ ಕಟ್ಟಿಸಿ. ಅವರಿಗೆ ಅದೇ ಅರ್ಧ ಪ್ರವಾಸ.

ಹಾಸಿಗೆ ವಿಷಯದಲ್ಲಿ ಹೊದಿಕೆಗಿಂತ ಕೆಳಗಿನ ಮ್ಯಾಟ್‌ಗೆ ಜಾಸ್ತಿ ಗಮನ ಕೊಡಿ. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ತಳ ಚಪ್ಪಟೆಯಾಗಿ, ಅದರೊಳಗಿನ ಗಾಳಿ ಹೊರಟುಹೋಗುತ್ತದೆ. ಆಮೇಲೆ ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತದೆ. ಗಾಳಿ ತುಂಬುವ ಸಾದಾ ಹಾಸಿಗೆ ಮೆತ್ತಗಿರುತ್ತದೆ, ಆದರೆ ಒಳಗಿನ ಗಾಳಿ ಸುತ್ತಾಡುತ್ತಾ ಮೈಯ ಬಿಸಿಯನ್ನು ನೆಲಕ್ಕೆ ಒಯ್ಯುವುದರಿಂದ ಚಳಿ ಅಷ್ಟಾಗಿ ತಡೆಯುವುದಿಲ್ಲ. ಅದರ ಮೇಲೊಂದು ಫೋಮ್ ಮ್ಯಾಟ್ ಅಥವಾ ದಪ್ಪ ಕಂಬಳಿ ಹಾಸಿ. ಹಗಲು ಸೆಕೆ ಇದ್ದರೂ ಒಬ್ಬೊಬ್ಬರಿಗೂ ಒಂದು ಸ್ವೆಟರ್, ಕಾಲುಚೀಲ, ಟೋಪಿ ಇರಲಿ. ರಾತ್ರಿ ಹಾಕಿಕೊಳ್ಳುವ ಬಟ್ಟೆಯನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕತ್ತಲಾಗುವವರೆಗೆ ಬಿಚ್ಚಬೇಡಿ. ಕೆರೆಗೆ ಬಂದ ಮಕ್ಕಳು ಕೈಗೆ ಸಿಕ್ಕಿದ ಬಟ್ಟೆಯನ್ನೆಲ್ಲ ಒದ್ದೆ ಮಾಡುತ್ತಾರೆ.

ಕೆರೆಗೆ ಎಂದೇ ಬೇಕಾದವು ಇವು:

- ಮಕ್ಕಳ ತೂಕಕ್ಕೆ ಸರಿಹೊಂದುವ ಲೈಫ್ ಜಾಕೆಟ್
- ನೀರಿನಲ್ಲೂ ಹಾಕಿಕೊಳ್ಳಬಹುದಾದ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ
- 15 ಮೀಟರ್ ಉದ್ದದ, ನೀರಿನ ಮೇಲೆ ತೇಲುವ ಹಗ್ಗ
- ತಲೆಗೊಂದರಂತೆ ಟಾರ್ಚ್, ಮಕ್ಕಳ ಕೊರಳಿಗೆ ಒಂದೊಂದು ಪೀಪಿ
- ಸೊಳ್ಳೆ ಕ್ರೀಮ್, ಸನ್‌ಸ್ಕ್ರೀನ್, ಉದ್ದ ತೋಳಿನ ಅಂಗಿ
- ಒಂದು ದೊಡ್ಡ ಟಾರ್ಪಾಲಿನ್, ಮತ್ತು ನಿಮಗೆ ಬೇಕೆನಿಸಿದ್ದಕ್ಕಿಂತ ಎರಡು ಟವೆಲ್ ಹೆಚ್ಚು

ಔಷಧಿ ಚೀಲವನ್ನು ನಾನು ವಿವರಿಸುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಏನು ಬೇಕೋ ಅದು ನಿಮಗೇ ಚೆನ್ನಾಗಿ ಗೊತ್ತು.

ಟೆಂಟಿಗೆ ಜಾಗ ಹುಡುಕುವುದು

ಸೂರ್ಯ ಮುಳುಗುವುದಕ್ಕೆ ಕನಿಷ್ಠ ಮೂರು ಗಂಟೆ ಮೊದಲು ತಲುಪಿ. ಗಾಡಿಯಿಂದ ಸಾಮಾನು ಇಳಿಸಬೇಡಿ. ಮೊದಲು ಸುತ್ತ ಒಂದು ಸುತ್ತು ನಡೆಯಿರಿ.

ನೀರಿನ ಪಕ್ಕದಲ್ಲೇ ಟೆಂಟ್ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಪಾರ್ಕಿನವರು ಜಾಗ ಗುರುತು ಮಾಡಿಲ್ಲದಿದ್ದರೆ ನೀರಿನಿಂದ 60 ಮೀಟರ್ ದೂರ, ಅಂದರೆ ದೊಡ್ಡವರ ಸುಮಾರು 80 ಹೆಜ್ಜೆ, ಹಿಂದಕ್ಕೆ ಬನ್ನಿ. ಕಾರಣಗಳು ಹಲವು. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗೆ ಇಳಿಯುತ್ತದೆ. ಕೆರೆದಂಡೆಯೇ ಸುತ್ತಮುತ್ತಲಿನ ಎಲ್ಲಕ್ಕಿಂತ ತಗ್ಗಿನ ಜಾಗ. ಅಲ್ಲಿ ಚಳಿ ಜಾಸ್ತಿ, ಇಬ್ಬನಿ ಜಾಸ್ತಿ, ಸೊಳ್ಳೆಯೂ ಜಾಸ್ತಿ. ಹಕ್ಕಿಗಳು, ಪ್ರಾಣಿಗಳು ನೀರು ಕುಡಿಯಲು ಬರುವ ದಾರಿಯೂ ಅದೇ. ಎಲ್ಲಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ಬೆಳಗ್ಗೆ ನಿಮಗಿಂತ ಮೊದಲು ಎದ್ದ ಮೂರು ವರ್ಷದ ಮಗು ಜಿಪ್ ಎಳೆದು ಹೊರಬಂದರೆ, ಅದಕ್ಕೂ ನೀರಿಗೂ ನಡುವೆ ದೂರ ಇರಬೇಕು.

ದಡದಲ್ಲಿ ಒಣಗಿದ ಕಡ್ಡಿ, ಎಲೆ, ಪಾಚಿ ಗೆರೆ ಎಳೆದ ಹಾಗೆ ಬಿದ್ದಿರುತ್ತವೆ, ನೋಡಿ. ನೀರು ಅಲ್ಲಿವರೆಗೆ ಬಂದು ಹೋಗಿದೆ ಎಂಬುದಕ್ಕೆ ಅದೇ ಗುರುತು. ಟೆಂಟ್ ಅದಕ್ಕಿಂತ ಸಾಕಷ್ಟು ಎತ್ತರದಲ್ಲಿರಲಿ. ತಲೆ ಎತ್ತಿ ಮರಗಳನ್ನೂ ನೋಡಿ. ಒಣಗಿದ ಕೊಂಬೆ ಇರುವ ಮರದ ಕೆಳಗೆ ಮಲಗಬೇಡಿ. ಎತ್ತರದ ಒಂಟಿ ಮರವೂ ಬೇಡ, ಅದಕ್ಕೆ ಸಿಡಿಲಿನ ಭಯ ಇದೆ. ಪೂರ್ವಕ್ಕೆ ನೆರಳು ಕೊಡುವ ಗುಂಪು ಮರಗಳಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಟೆಂಟ್ ಒಲೆಯಾಗುತ್ತದೆ.

ಗಾಳಿಯ ಲೆಕ್ಕವೂ ತಿಳಿದಿರಲಿ. ಹಗಲಲ್ಲಿ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಹಾಗಾಗಿ ದೊಡ್ಡ ಕೆರೆಗಳಲ್ಲಿ ಮಧ್ಯಾಹ್ನ ಗಾಳಿ ನೀರಿನಿಂದ ದಡದ ಕಡೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಗಾಳಿ ದಡದಿಂದ ನೀರಿನ ಕಡೆ ತಿರುಗುತ್ತದೆ. ಸಂಜೆ ಅಡುಗೆ ಮಾಡುವಾಗ ಹೊಗೆ ಒಂದು ಕಡೆ ಹೋಗುತ್ತಿದ್ದರೆ, ನಡುರಾತ್ರಿ ಇನ್ನೊಂದು ಕಡೆ ಹೋಗಬಹುದು. ಬೆಂಕಿಯ ಜಾಗವನ್ನು ಟೆಂಟಿನಿಂದ ಕನಿಷ್ಠ 5 ಮೀಟರ್ ದೂರ ಇಡಿ. ಸ್ವಲ್ಪ ಗಾಳಿಯಾಡುವ ಜಾಗವೇ ಮೇಲು. ಸೊಳ್ಳೆಗೆ ಗಾಳಿಗೆದುರಾಗಿ ಹಾರುವ ಶಕ್ತಿ ಕಡಿಮೆ.

ಟೆಂಟ್ ಕಟ್ಟುವುದು

ಕಲ್ಲು, ಬೇರು, ಕಡ್ಡಿ ತೆಗೆದು ನೆಲ ಗುಡಿಸಿ. ಒಮ್ಮೆ ಅಲ್ಲೇ ಮಲಗಿ ನೋಡಿ. ಇಳಿಜಾರಿದ್ದರೆ ತಲೆ ಎತ್ತರದ ಕಡೆಗಿರಲಿ. ಟೆಂಟಿನ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಟೆಂಟಿನ ತಳಕ್ಕಿಂತ ಎಲ್ಲ ಕಡೆಯೂ ಸ್ವಲ್ಪ ಚಿಕ್ಕದಾಗಿರಬೇಕು. ಹೊರಗೆ ಚಾಚಿಕೊಂಡಿದ್ದರೆ ಮಳೆನೀರು ಅದರ ಮೇಲೆ ಬಿದ್ದು, ನೇರ ನಿಮ್ಮ ಬೆನ್ನಿನ ಕೆಳಗೆ ಸೇರುತ್ತದೆ. ರಾತ್ರಿ ಟೆಂಟ್ ಒದ್ದೆಯಾಯಿತು ಎಂದು ಗೋಳಾಡುವವರಲ್ಲಿ ಬಹಳ ಜನರ ತೊಂದರೆ ಇದೇ.

ಗೂಟಗಳನ್ನು ಓರೆಯಾಗಿ ಬಡಿಯಿರಿ. ತಲೆ ಟೆಂಟಿನಿಂದ ಆಚೆಗೆ, ಚೂಪು ತುದಿ ಟೆಂಟಿನ ಕಡೆಗೆ. ನೆಲ ಮರಳಾದರೆ ಗೂಟ ನಿಲ್ಲುವುದಿಲ್ಲ. ಒಂದು ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂತುಬಿಡಿ. ಆಕಾಶ ತಿಳಿಯಾಗಿದ್ದರೂ, ಟೆಂಟಿನಿಂದ ನೆಲದ ಗೂಟಕ್ಕೆ ಬಿಗಿಯುವ ಗಾಳಿಹಗ್ಗಗಳನ್ನೆಲ್ಲ ಎಳೆದು ಕಟ್ಟಿ, ಅದಕ್ಕೊಂದು ಬಿಳಿ ಬಟ್ಟೆಯ ಚೂರು ಸಿಕ್ಕಿಸಿ. ಕತ್ತಲಲ್ಲಿ ಓಡುವ ಮಕ್ಕಳು ಎಡವುವುದು ಆ ಹಗ್ಗಕ್ಕೇ. ಅಡುಗೆ ಜಾಗದ ಮೇಲೆ ಟಾರ್ಪಾಲಿನ್ ಕಟ್ಟುವಾಗ ಒಂದು ಮೂಲೆ ತಗ್ಗಾಗಿರಲಿ. ಇಲ್ಲದಿದ್ದರೆ ಮಳೆನೀರು ನಡುವೆ ನಿಂತು ಹೊಟ್ಟೆ ಬಿಡುತ್ತದೆ.

ಮಕ್ಕಳು ನೀರಿಗಿಳಿಯುವಾಗ

ಈ ಭಾಗವನ್ನು ಮನೆಯ ದೊಡ್ಡವರೆಲ್ಲ ಓದಬೇಕು ಎಂಬುದು ನನ್ನ ಆಸೆ.

ಮುಳುಗುವವರು ಕೈ ಬೀಸಿ ಕೂಗುತ್ತಾರೆ ಎಂದು ನಾವು ಅಂದುಕೊಂಡಿದ್ದೇವೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರಿಗೇ ಪರದಾಟ, ಕೂಗಲು ಗಾಳಿ ಎಲ್ಲಿ ಉಳಿಯುತ್ತದೆ? ತಲೆ ಹಿಂದಕ್ಕೆ ವಾಲಿರುತ್ತದೆ. ದೇಹ ನೆಟ್ಟಗೆ ನಿಂತಂತೆ ಇರುತ್ತದೆ. ಕೈಗಳು ಎರಡೂ ಪಕ್ಕ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದೂರದಿಂದ ನೋಡಿದವರಿಗೆ ಆಟ ಆಡುತ್ತಿರುವಂತೆಯೇ ಕಾಣುತ್ತದೆ. ಚಿಕ್ಕ ಮಗು ಒಂದು ನಿಮಿಷದೊಳಗೆ ಸದ್ದಿಲ್ಲದೆ ಮುಳುಗಬಹುದು. ಅದಕ್ಕೆ ಆಳವಾದ ನೀರೂ ಬೇಕಿಲ್ಲ, ಮುಖ ಮುಳುಗುವಷ್ಟಿದ್ದರೆ ಸಾಕು.

ಹತ್ತು ಜನ ದೊಡ್ಡವರು ದಡದಲ್ಲಿ ಕೂತಿದ್ದಾಗಲೂ ಹೀಗಾಗುತ್ತದೆ. ಎಲ್ಲರೂ ಬೇರೆಯವರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಇದಕ್ಕೆ ಒಳ್ಳೆಯ ಉಪಾಯ ಸರದಿ ಕಾವಲು. ಒಬ್ಬರು 15 ನಿಮಿಷ ನೀರನ್ನೇ ನೋಡಬೇಕು. ಆ ಹೊತ್ತಿನಲ್ಲಿ ಫೋನ್ ಇಲ್ಲ, ಮಾತು ಇಲ್ಲ, ಮದ್ಯವಂತೂ ಇಲ್ಲವೇ ಇಲ್ಲ. ಸರದಿ ಮುಗಿದಾಗ ಮುಂದಿನವರ ಹೆಸರು ಕರೆದು, ‘ಈಗ ನಿಮ್ಮ ಸರದಿ’ ಎಂದು ಬಾಯಿಬಿಟ್ಟು ಹೇಳಿ, ಅವರು ‘ಹೂಂ’ ಎಂದ ಮೇಲೆ ಮಾತ್ರ ಕಣ್ಣು ತೆಗೆಯಬೇಕು. ಕೊರಳಿಗೊಂದು ಪೀಪಿಯನ್ನೋ ಕೈಗೊಂದು ಬಣ್ಣದ ಪಟ್ಟಿಯನ್ನೋ ಕೈ ಬದಲಿಸಿದರೆ ಇನ್ನೂ ಸ್ಪಷ್ಟ. ಈಜು ಬಾರದ ಮಕ್ಕಳ ಜೊತೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ದೊಡ್ಡವರೊಬ್ಬರು ನೀರಿನೊಳಗೇ ಇರಬೇಕು. ದೊಡ್ಡ ಮಕ್ಕಳ ಕೈಗೆ ಚಿಕ್ಕವರನ್ನು ಒಪ್ಪಿಸಬೇಡಿ. ಅದು ಅವರ ವಯಸ್ಸಿಗೆ ಮೀರಿದ ಹೊರೆ.

ಲೈಫ್ ಜಾಕೆಟ್ ಹಾಕಿದ ಮೇಲೆ ಪರೀಕ್ಷೆ ಮಾಡಿ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಅದು ಗಲ್ಲ, ಕಿವಿಯವರೆಗೆ ಏರಿದರೆ ದೊಡ್ಡದಾಯಿತು ಎಂದರ್ಥ. ಪುಟ್ಟ ಮಕ್ಕಳ ಜಾಕೆಟ್‌ಗೆ ಕಾಲ ಸಂದಿಯಲ್ಲಿ ಕಟ್ಟುವ ಪಟ್ಟಿ, ತಲೆ ಎತ್ತಿ ಹಿಡಿಯುವ ಕಾಲರ್ ಇರಬೇಕು. ದೋಣಿ ಹತ್ತುವಾಗ ಈಜು ಬಲ್ಲ ದೊಡ್ಡವರೂ ಹಾಕಿಕೊಳ್ಳಿ. ಗಾಳಿ ತುಂಬಿದ ಟ್ಯೂಬು, ತೋಳಿಗೆ ಹಾಕುವ ಬಲೂನು, ಇವು ಆಟದ ಸಾಮಾನು. ಜೀವ ಉಳಿಸುವ ಕೆಲಸಕ್ಕೆ ಇವನ್ನು ನಂಬಬೇಡಿ. ದಡದಿಂದ ನೀರಿನ ಕಡೆ ಗಾಳಿ ಬೀಸುವಾಗ ಅವು ಇನ್ನೂ ಅಪಾಯ. ದಡದ ಮರಗಳು ಗಾಳಿಯನ್ನು ತಡೆಯುವುದರಿಂದ ಹತ್ತಿರದ ನೀರು ಶಾಂತವಾಗಿ ಕಾಣುತ್ತದೆ. ಟ್ಯೂಬು ಸ್ವಲ್ಪ ಮುಂದೆ ಹೋದ ಕೂಡಲೇ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ. ತೇಲಿಹೋದ ಚೆಂಡಿನ ಹಿಂದೆ, ಟ್ಯೂಬಿನ ಹಿಂದೆ ಈಜಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿ. ಹೋದರೆ ಹೋಗಲಿ.

ನೀರಿನ ತಳ ನಂಬುವಂಥದ್ದಲ್ಲ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿರುವಾಗಲೇ ಒಂದು ಹೆಜ್ಜೆಗೆ ಆಳ ಸಿಗಬಹುದು. ಕೆಸರು ಕಾಲು ಹಿಡಿಯಬಹುದು. ಮೊದಲು ಈಜು ಬಲ್ಲ ದೊಡ್ಡವರೊಬ್ಬರು ಜಾಕೆಟ್ ಹಾಕಿಕೊಂಡು ಇಳಿದು, ಕೋಲಿನಿಂದ ಮುಂದೆ ಮುಂದೆ ಒತ್ತಿ ನೋಡಿ, ಮಕ್ಕಳ ಗಡಿ ಗುರುತು ಮಾಡಲಿ. ತಲೆ ಕೆಳಗಾಗಿ ಧುಮುಕುವುದು ಯಾರಿಗೂ ಬೇಡ. ನೀರಿನೊಳಗಿನ ಬಳ್ಳಿ ಕಾಲಿಗೆ ಸುತ್ತಿಕೊಂಡರೆ ಒದೆಯಬಾರದು. ಒದ್ದಷ್ಟೂ ಬಿಗಿಯುತ್ತದೆ. ಬೆನ್ನ ಮೇಲೆ ತೇಲುತ್ತಾ ಮೆಲ್ಲಗೆ ಬಿಡಿಸಿಕೊಳ್ಳಬೇಕು. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ, ಹಠಾತ್ತಾಗಿ ಬಿದ್ದವರಿಗೆ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಆಗ ನೀರು ಒಳಗೆ ಹೋಗುತ್ತದೆ. ಒಂದೆರಡು ನಿಮಿಷದಲ್ಲಿ ಅದು ಇಳಿಯುತ್ತದೆ. ಅಲ್ಲಿವರೆಗೆ ಈಜಲು ಹೋಗದೆ ಅಂಗಾತ ತೇಲಬೇಕು. ಅಂಗಾತ ತೇಲುವುದನ್ನು ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಕಲಿಸಿ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಧುಮುಕಬೇಡಿ. ಹೆದರಿದವರು ಕಾಪಾಡಲು ಬಂದವರನ್ನೇ ಅಪ್ಪಿ ಮುಳುಗಿಸುತ್ತಾರೆ. ದಡದಲ್ಲಿ ಮಲಗಿಕೊಂಡು ಕೋಲು, ಟವೆಲ್ ಚಾಚಿ. ಅದು ಎಟುಕದಿದ್ದರೆ ಹಗ್ಗ ಎಸೆಯಿರಿ. ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಕಟ್ಟಿದರೆ ತೇಲುತ್ತದೆ, ಗುರಿಯೂ ಸಿಗುತ್ತದೆ. ಹೊರಗೆ ತೆಗೆದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡಿ ಹಿಡಿಯುವುದು ತಪ್ಪು. ಅದರಿಂದ ಹೊತ್ತು ಹೋಗುತ್ತದೆ, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಾಟ ನಿಂತಿದ್ದರೆ ಬಾಯಿಂದ ಉಸಿರು ಕೊಡುವುದು, ಎದೆ ಒತ್ತುವುದು ಎರಡೂ ತಕ್ಷಣ ಶುರುವಾಗಬೇಕು. ಇನ್ನೊಬ್ಬರು ಆಂಬುಲೆನ್ಸ್ ಕರೆಯಬೇಕು. ಈ ಪ್ರಥಮ ಚಿಕಿತ್ಸೆಯನ್ನು ಓದಿ ಕಲಿಯಲು ಆಗುವುದಿಲ್ಲ. ಮನೆಯಲ್ಲಿ ಒಬ್ಬರಾದರೂ ತರಬೇತಿ ಪಡೆದುಕೊಳ್ಳಿ. ಚೇತರಿಸಿಕೊಂಡಂತೆ ಕಂಡರೂ ಕೆಮ್ಮು, ಏದುಸಿರು, ಮಂಕು ಇದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಇಳಿಯುವ ಮೊದಲು ನೀರಿನ ಬಣ್ಣ ನೋಡಿ. ಹಸಿರು ಪೇಂಟ್ ಚೆಲ್ಲಿದಂತೆ ಮೇಲೆ ಪದರ ಕಟ್ಟಿದ್ದರೆ, ಕೆಟ್ಟ ವಾಸನೆ ಬರುತ್ತಿದ್ದರೆ ಅಲ್ಲಿ ಇಳಿಯಬೇಡಿ. ಅದು ಸಯನೋಬ್ಯಾಕ್ಟೀರಿಯಾ, ಅಂದರೆ ನೀಲಿ-ಹಸಿರು ಪಾಚಿ ಎಂದು ಕರೆಯುವ ಬ್ಯಾಕ್ಟೀರಿಯಾ ಇರಬಹುದು. ಅದರ ಕೆಲವು ಬಗೆಗಳು ವಿಷ ಬಿಡುತ್ತವೆ. ಆ ನೀರು ಕುಡಿದು ನಾಯಿಗಳು ಸತ್ತದ್ದಿದೆ. ಒಳ್ಳೆಯ ನೀರಿನಿಂದ ಹೊರಬಂದಾಗಲೂ ಮಕ್ಕಳ ಮೈಯನ್ನು ಕೂಡಲೇ ಟವೆಲಿನಿಂದ ಒರೆಸಿ. ಕೆರೆನೀರಿನ ಕೆಲವು ಸಣ್ಣ ಪರಾವಲಂಬಿಗಳಿಂದ ಬರುವ ತುರಿಕೆ ಇದರಿಂದ ಕಡಿಮೆಯಾಗುತ್ತದೆ.

ಕುಡಿಯುವ ನೀರು, ಊಟ

ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು ಮನೆಯಿಂದಲೇ ಒಯ್ಯಿರಿ. ಸೆಕೆಗಾಲದಲ್ಲಿ ಇನ್ನೂ ಬೇಕು. ಅನಿವಾರ್ಯವಾಗಿ ಕೆರೆನೀರು ಬಳಸಬೇಕಾದರೆ, ತಿಳಿಯಾದುದನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಕುದಿಸಿ. ಸಮುದ್ರಮಟ್ಟದಿಂದ 2000 ಮೀಟರಿಗಿಂತ ಎತ್ತರದಲ್ಲಿ 3 ನಿಮಿಷ ಬೇಕು, ಏಕೆಂದರೆ ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ. ಹಸಿರು ಪದರದ ವಿಷ ಹೋಗುವುದಿಲ್ಲ.

ಅಡುಗೆಯನ್ನು ಸರಳ ಮಾಡಿ. ತರಕಾರಿ ಮನೆಯಲ್ಲೇ ಹೆಚ್ಚಿಕೊಳ್ಳಿ, ಮಸಾಲೆ ಅಳೆದು ಪೊಟ್ಟಣ ಕಟ್ಟಿಕೊಳ್ಳಿ. ಮೊದಲ ಸಂಜೆಯ ಊಟ ಬಿಸಿ ಮಾಡಿದರೆ ಸಾಕು ಎನ್ನುವಂತಿರಲಿ. ಐಸ್ ಬಾಕ್ಸಿಗೆ ಪುಡಿ ಐಸಿಗಿಂತ ದೊಡ್ಡ ಗಟ್ಟಿ ಐಸ್ ಒಳ್ಳೆಯದು, ನಿಧಾನ ಕರಗುತ್ತದೆ. ನೀರಿನ ಬಾಟಲಿಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಗಟ್ಟಿ ಮಾಡಿ ತಂದರೆ ಐಸಿನ ಕೆಲಸವೂ ಆಯಿತು, ಕರಗಿದ ಮೇಲೆ ಕುಡಿಯಲೂ ಆಯಿತು. ಕುಡಿಯುವ ಬಾಟಲಿಗಳಿಗೆ ಬೇರೆ ಬಾಕ್ಸ್ ಇಡಿ. ಮಕ್ಕಳು ಅದನ್ನು ಗಳಿಗೆಗೊಮ್ಮೆ ತೆರೆಯುತ್ತಾರೆ. ಬೇಯಿಸಿದ್ದು ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ 1 ಗಂಟೆ.

ಪಾತ್ರೆಯನ್ನು ಕೆರೆಯಲ್ಲಿ ತೊಳೆಯಬೇಡಿ. ಸೋಪು ಯಾವುದಾದರೂ ಸರಿ, ಮೀನು ಮತ್ತು ಸಣ್ಣ ಜೀವಿಗಳಿಗೆ ಕೆಟ್ಟದ್ದೇ. ಬಕೆಟಿನಲ್ಲಿ ನೀರು ತಂದು, ಕೆರೆಯಿಂದ 60 ಮೀಟರ್ ಆಚೆ ತೊಳೆದು, ಮಣ್ಣಿನ ಮೇಲೆ ಹರಡಿ ಚೆಲ್ಲಿ. ಬಾತುಕೋಳಿ, ಮಂಗಗಳಿಗೆ ತಿಂಡಿ ಎಸೆಯುವ ಆಸೆಯನ್ನು ಮಕ್ಕಳು ತಡೆದುಕೊಳ್ಳಬೇಕು. ಮನುಷ್ಯರ ತಿಂಡಿಯ ರುಚಿ ಹತ್ತಿದ ಪ್ರಾಣಿ ಮುಂದೆ ಬರುವವರ ಮೇಲೆ ಬೀಳುತ್ತದೆ. ಟೆಂಟಿನೊಳಗೆ ತಿನ್ನುವ ಪದಾರ್ಥ ಒಂದು ಚೂರೂ ಇಡಬೇಡಿ.

ಕತ್ತಲಾದ ಮೇಲೆ

ಸೊಳ್ಳೆ ಜಾಸ್ತಿ ಇರುವುದು ಸಂಜೆ ಕತ್ತಲಾಗುವ ಹೊತ್ತು ಮತ್ತು ನಸುಕಿನಲ್ಲಿ. ಉದ್ದ ತೋಳಿನ ಅಂಗಿ, ಪ್ಯಾಂಟ್ ಆಗಲೇ ಹಾಕಿಸಿ. ಹಗಲಲ್ಲಿ ಸನ್‌ಸ್ಕ್ರೀನ್ ಮೊದಲು, ಅದು ಒಣಗಿದ ಮೇಲೆ ಸೊಳ್ಳೆ ಕ್ರೀಮ್. 2 ತಿಂಗಳೊಳಗಿನ ಕೂಸಿಗೆ ಕ್ರೀಮ್ ಹಚ್ಚದೆ ಸೊಳ್ಳೆಪರದೆ ಬಳಸಿ. ದೀಪವನ್ನು ಟೆಂಟಿನ ಬಾಗಿಲಿಂದ ದೂರ ತೂಗುಹಾಕಿ. ಬಿಳಿ ದೀಪಕ್ಕಿಂತ ಹಳದಿ ದೀಪಕ್ಕೆ ಹುಳ ಕಡಿಮೆ ಬರುತ್ತವೆ.

ಕತ್ತಲಾದ ಮೇಲೆ ಯಾರೂ ನೀರಿಗೆ ಹೋಗುವುದಿಲ್ಲ, ದೊಡ್ಡವರೂ ಕೂಡ. ಇದಕ್ಕೆ ವಿನಾಯಿತಿ ಇಡಬೇಡಿ.

ಚಳಿ ಎಂದು ಇದ್ದಿಲ ಒಲೆ, ಗ್ಯಾಸ್ ಒಲೆ ಟೆಂಟಿನೊಳಗೆ ಒಯ್ಯಬೇಡಿ. ಆರುತ್ತಿರುವ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಬೆಚ್ಚಗಾಗಲು ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲದೊಳಗೆ ಹಾಕಿ ಕಾಲ ಹತ್ತಿರ ಇಟ್ಟುಕೊಳ್ಳಿ. ಮುಚ್ಚಳ ಭದ್ರವಾಗಿರಲಿ. ಟೆಂಟಿನ ಗಾಳಿಕಿಂಡಿಗಳನ್ನು ಚಳಿಯಿದ್ದರೂ ಮುಚ್ಚಬೇಡಿ. ನಾವು ಬಿಡುವ ಉಸಿರಿನ ತೇವ ಹೊರಗೆ ಹೋಗದಿದ್ದರೆ ತಣ್ಣನೆಯ ಬಟ್ಟೆಗೆ ತಾಗಿ ನೀರಾಗಿ, ಬೆಳಗ್ಗೆ ಹೊದಿಕೆಯೆಲ್ಲ ತೊಯ್ದಿರುತ್ತದೆ.

ಮಾತು ಮೆಲ್ಲಗಿರಲಿ. ರಾತ್ರಿ ನೀರಿನ ಮೇಲಿನ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುವುದರಿಂದ ಸದ್ದು ಕೆಳಕ್ಕೆ ಬಾಗಿ ಬಹು ದೂರ ಸಾಗುತ್ತದೆ. ನಿಮ್ಮ ಹರಟೆ ಆಚೆ ದಡದವರಿಗೂ ಕೇಳಿಸುತ್ತದೆ. ಬೆಂಕಿ ಹಾಕಿದ್ದರೆ ಮಲಗುವ ಮೊದಲು ನೀರು ಸುರಿದು, ಕೋಲಿನಿಂದ ಕಲಸಿ, ಮತ್ತೆ ಸುರಿಯಿರಿ. ಬೂದಿಯ ಮೇಲೆ ಹಿಡಿದ ಕೈಗೆ ಬಿಸಿ ತಾಗದಿದ್ದರೆ ಆರಿದೆ ಎಂದರ್ಥ. ಮಣ್ಣು ಮುಚ್ಚಿದರೆ ಸಾಲದು, ಕೆಂಡ ಅಡಿಯಲ್ಲಿ ಜೀವಂತ ಇರುತ್ತದೆ.

ಗುಡುಗು ಕೇಳಿದರೆ

ಗುಡುಗು ಕೇಳುತ್ತಿದೆ ಎಂದರೆ ಸಿಡಿಲು ನಿಮ್ಮವರೆಗೆ ತಲುಪುವಷ್ಟು ಹತ್ತಿರ ಇದೆ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಅಂತರ ಇದ್ದರೆ ದೂರ ಸುಮಾರು 10 ಕಿಲೋಮೀಟರ್. ಎಲ್ಲರೂ ಕೂಡಲೇ ನೀರಿನಿಂದ, ದೋಣಿಯಿಂದ ಹೊರಗೆ ಬನ್ನಿ. ಟೆಂಟು, ಟಾರ್ಪಾಲಿನ್, ಮರದಡಿ ಯಾವುದೂ ರಕ್ಷಣೆ ಕೊಡುವುದಿಲ್ಲ. ಗಟ್ಟಿ ಕಟ್ಟಡ ಅಥವಾ ಲೋಹದ ಚಾವಣಿಯ, ಗಾಜು ಏರಿಸಿದ ಕಾರು ಸೇರಿಕೊಳ್ಳಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಮಕ್ಕಳು ‘ಮಳೆ ನಿಂತಿತಲ್ಲ’ ಎಂದು ಗೋಗರೆದರೂ ಸರಿ. ಕಾರಿನಲ್ಲಿ ಒಂದು ಇಸ್ಪೀಟು ಕಟ್ಟು ಇಟ್ಟಿರಿ.

ಹೊರಡುವ ದಿನ

ಟೆಂಟನ್ನು ಕೊನೆಗೆ ಬಿಚ್ಚಿ. ಬಿಸಿಲೇರಿ ಇಬ್ಬನಿ ಒಣಗುವವರೆಗೆ ಉಳಿದದ್ದನ್ನು ಕಟ್ಟಿಕೊಳ್ಳಬಹುದು. ಮಕ್ಕಳ ಕೈಗೆ ಚೀಲ ಕೊಟ್ಟು ಸುತ್ತಲಿನ ಕಸ ಹೆಕ್ಕಿಸಿ, ನಿಮ್ಮದಲ್ಲದ್ದನ್ನೂ ಸೇರಿಸಿ. ಮೀನು ಹಿಡಿಯುವ ನೂಲು, ಗಾಳ ಕಂಡರೆ ದೊಡ್ಡವರೇ ತೆಗೆಯಿರಿ. ಹಕ್ಕಿಗಳ ಕಾಲಿಗೆ ಸುತ್ತಿಕೊಂಡು ಕೊಲ್ಲುವುದು ಅವೇ.

ಚಪ್ಪಲಿ, ಟ್ಯೂಬು, ದೋಣಿಗೆ ಅಂಟಿದ ಕೆಸರು, ಬಳ್ಳಿಯ ಚೂರನ್ನು ಅಲ್ಲೇ ತೆಗೆದುಹಾಕಿ. ಒಂದು ಕೆರೆಯ ಕಳೆ ಇನ್ನೊಂದು ಕೆರೆಗೆ ಹಬ್ಬುವುದು ಹೀಗೆಯೇ. ಮನೆಗೆ ಬಂದ ದಿನವೇ ಟೆಂಟ್, ಮ್ಯಾಟ್, ಲೈಫ್ ಜಾಕೆಟ್ ಎಲ್ಲವನ್ನೂ ಬಿಡಿಸಿ ನೆರಳಲ್ಲಿ ಹರವಿ. ಒದ್ದೆ ಟೆಂಟ್ ಚೀಲದಲ್ಲೇ ಒಂದೆರಡು ದಿನ ಉಳಿದರೆ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಆಮೇಲೆ ಹೋಗುವುದಿಲ್ಲ. ಪೂರ್ತಿ ಒಣಗಿದ ಮೇಲೆ ಗೂಟ ಎಣಿಸಿ ಚೀಲಕ್ಕೆ ಹಾಕಿ. ಬಳಸದೇ ಉಳಿದದ್ದು ಯಾವುದು, ಬೇಕೆನಿಸಿ ಇಲ್ಲದೇ ಹೋದದ್ದು ಯಾವುದು ಎಂದು ಒಂದು ಚೀಟಿಯಲ್ಲಿ ಬರೆದು ಅದೇ ಚೀಲದಲ್ಲಿಡಿ.